ಮುಖ ಕಾಣದ ಪರೀಕ್ಷೆ: ಗೋಕಾಕ, ಮೂಡಲಗಿ, ಹುಕ್ಕೇರಿಯ ಯುವಜನರು ಮತ್ತು ಫೋನ್ ಸಂದರ್ಶನ

ಉದ್ಯೋಗಕ್ಕೆ ಬಂದ ಅರ್ಜಿಗಳಲ್ಲಿ ಯಾರನ್ನು ಮುಖಾಮುಖಿ ಸಂದರ್ಶನಕ್ಕೆ ಕರೆಯಬೇಕು, ಯಾರನ್ನು ಅಲ್ಲಿಯೇ ಕೈಬಿಡಬೇಕು ಎಂಬುದನ್ನು ನಿರ್ಧರಿಸಲು ಸಂಸ್ಥೆಯ ಮಾನವ ಸಂಪನ್ಮೂಲ ವಿಭಾಗ, ಅಂದರೆ ಆಡುಮಾತಿನ ‘ಎಚ್‌ಆರ್’, ಅಭ್ಯರ್ಥಿಯೊಂದಿಗೆ ಫೋನಿನಲ್ಲಿ ನಡೆಸುವ ಕಿರು ಮಾತುಕತೆಗೆ ದೂರವಾಣಿ ಸಂದರ್ಶನ ಎಂದು ಹೆಸರು. ಇದು ಆಯ್ಕೆಯ ಮೊದಲ ಜರಡಿ. ಇಲ್ಲಿ ಸಾಮಾನ್ಯವಾಗಿ ಯಾರಿಗೂ ಕೆಲಸ ಸಿಗುವುದಿಲ್ಲ, ಆದರೆ ಬಹಳ ಜನರಿಗೆ ಕೆಲಸ ತಪ್ಪುತ್ತದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ ಹಾಗೂ ಗೋಕಾಕದಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾದ ಮೂಡಲಗಿಯ ಪದವೀಧರರು, ಡಿಪ್ಲೊಮಾ ಮತ್ತು ಐಟಿಐ ಮುಗಿಸಿದವರು ಈ ಹಂತದಲ್ಲಿ ಎಡವಿದಾಗ ಪಾಲಕರೂ ಉಪನ್ಯಾಸಕರೂ ಕೊಡುವ ಕಾರಣ ಸಾಮಾನ್ಯವಾಗಿ ಒಂದೇ: ಇಂಗ್ಲಿಷ್ ಬರುವುದಿಲ್ಲ. ಈ ತೀರ್ಮಾನ ಅರ್ಧ ಮಾತ್ರ ನಿಜ. ಮಾತಿನ ಶಕ್ತಿಗೆ ಈ ಸೀಮೆಯಲ್ಲಿ ಬರವಿಲ್ಲ. ಮುಖ ಕಾಣದ ಅಪರಿಚಿತರೊಂದಿಗೆ, ಕೆಲವೇ ನಿಮಿಷಗಳಲ್ಲಿ, ತಾನು ಕಲಿತ ಕೆಲಸದ ಬಗ್ಗೆ ತಾನೇ ಹೇಳಿಕೊಳ್ಳುವ ಅಭ್ಯಾಸವನ್ನು ಶಾಲೆಯಾಗಲಿ ಕಾಲೇಜಾಗಲಿ ಎಲ್ಲಿಯೂ ಮಾಡಿಸಿರುವುದಿಲ್ಲ ಎಂಬುದೇ ನಿಜವಾದ ಕೊರತೆ.

ಕೆಲಸಕ್ಕೆ ಜನರನ್ನು ಆರಿಸುವ ಕ್ರಮ ಈ ಭಾಗದಲ್ಲಿ ಹೇಗೆ ಬದಲಾಗಿದೆ ಎಂಬುದನ್ನು ನೋಡಿದರೆ ಈ ಕೊರತೆಯ ಮೂಲ ಸ್ಪಷ್ಟವಾಗುತ್ತದೆ. ಘಟಪ್ರಭೆಯ ಜಲಪಾತದ ಬಳಿ 1880ರ ದಶಕದಲ್ಲಿ ಗೋಕಾಕ ಮಿಲ್ ಆರಂಭವಾದ ಕಾಲಕ್ಕೆ ಭಾರತದ ಜವಳಿ ಗಿರಣಿಗಳಲ್ಲಿ ನೇಮಕವೆಂದರೆ ಬಹುಮಟ್ಟಿಗೆ ಜಾಬರನ ಮಾತು. ಜಾಬರ್ ಎಂದರೆ ತನ್ನ ಊರಿನವರನ್ನು, ನಂಟರನ್ನು, ಗುರುತಿದ್ದವರನ್ನು ಕರೆತಂದು ಕೆಲಸಕ್ಕೆ ಹಚ್ಚಿ ಅವರ ಮೇಲುಸ್ತುವಾರಿಯನ್ನೂ ನೋಡಿಕೊಳ್ಳುತ್ತಿದ್ದ ಹಿರಿಯ ಕಾರ್ಮಿಕ. ಕೆಲಸ ಬೇಡುವವನು ಆ ವ್ಯವಸ್ಥೆಯಲ್ಲಿ ಮಾತನಾಡಬೇಕಾದ ಅಗತ್ಯವೇ ಇರಲಿಲ್ಲ, ಅವನ ಪರವಾಗಿ ಇನ್ನೊಬ್ಬರು ಮಾತನಾಡುತ್ತಿದ್ದರು. ಭಾರತದ ಕಾರ್ಮಿಕರ ಸ್ಥಿತಿಗತಿಯನ್ನು ಪರಿಶೀಲಿಸಿ 1931ರಲ್ಲಿ ವರದಿ ಕೊಟ್ಟ ರಾಯಲ್ ಕಮಿಷನ್, ಅಂದರೆ ವಿಟ್ಲೆ ಆಯೋಗ, ಈ ಪದ್ಧತಿಯಲ್ಲಿನ ಲಂಚ ಮತ್ತು ಪಕ್ಷಪಾತವನ್ನು ಕಂಡು ನೇಮಕದ ಅಧಿಕಾರವನ್ನು ಜಾಬರನಿಂದ ಕಿತ್ತು ಲೇಬರ್ ಆಫೀಸರ್ ಎಂಬ ಪ್ರತ್ಯೇಕ ಅಧಿಕಾರಿಗೆ ಕೊಡಬೇಕೆಂದು ಶಿಫಾರಸು ಮಾಡಿತು. ಇಂದಿನ ಎಚ್‌ಆರ್ ಹುದ್ದೆಯ ಹಿಂದಿನ ತಲೆಮಾರು ಆ ಲೇಬರ್ ಆಫೀಸರ್. ಗುರುತಿನವರ ಶಿಫಾರಸು ಹಿಂದೆ ಸರಿದಷ್ಟೂ ಅಭ್ಯರ್ಥಿಯ ಸ್ವಂತ ಮಾತಿಗೆ ತೂಕ ಬಂದಿತು; ಇದು ನ್ಯಾಯದ ಕಡೆಗಿನ ನಡೆಯೇ ಸರಿ, ಆದರೆ ಮಾತನ್ನು ಕಲಿಸುವ ಹೊಣೆಯನ್ನು ಮಾತ್ರ ಯಾರೂ ಹೊರಲಿಲ್ಲ.

ಫೋನ್ ಸಂದರ್ಶನ ಈ ಮೂರು ತಾಲ್ಲೂಕುಗಳಿಗೆ ತಂದ ಅನುಕೂಲವನ್ನೂ ಮರೆಯುವಂತಿಲ್ಲ. ಗೋಕಾಕದಿಂದ ಬೆಂಗಳೂರು 500 ಕಿಲೋಮೀಟರಿಗೂ ಹೆಚ್ಚು ದೂರ. ಘಟಪ್ರಭಾ ನಿಲ್ದಾಣದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ, ಮರುದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಪರಿಚಯದವರ ಕೋಣೆಯಲ್ಲಿ ಮುಖ ತೊಳೆದು, ಹತ್ತು ನಿಮಿಷದ ಸಂದರ್ಶನ ಮುಗಿಸಿ ‘ತಿಳಿಸುತ್ತೇವೆ’ ಎಂಬ ಉತ್ತರದೊಂದಿಗೆ ಹಿಂದಿರುಗುವ ಖರ್ಚನ್ನು ಕೂಲಿಯ ಮನೆಯೊಂದು ಎಷ್ಟು ಸಲ ಭರಿಸೀತು? ಆ ಖರ್ಚಿಲ್ಲದೆ ಬೆಂಗಳೂರು, ಪುಣೆ, ಹುಬ್ಬಳ್ಳಿ, ಗೋವೆಯ ಸಂಸ್ಥೆಗಳನ್ನು ಒಂದೇ ವಾರದಲ್ಲಿ ಮುಟ್ಟುವ ಅವಕಾಶವನ್ನು ಫೋನು ಕೊಟ್ಟಿದೆ. ಸಂಕೇಶ್ವರ, ಯಮಕನಮರಡಿ, ಹತ್ತರಗಿಯ ಹುಡುಗರಿಗಂತೂ ಪುಣೆ–ಬೆಂಗಳೂರು ಹೆದ್ದಾರಿ ಮನೆಯ ಮುಂದಿನ ರಸ್ತೆ ಇದ್ದಂತೆ. ಅವರಿಗೆ ರಾಜಧಾನಿಗಿಂತ ಕೊಲ್ಹಾಪುರದ ಕಾರ್ಖಾನೆಗಳು ಹತ್ತಿರ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿಯೇ ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯವಿದ್ದು, ವಿಮಾನಗಳ ಬಿಡಿಭಾಗಗಳನ್ನು ಕೂದಲೆಳೆಯ ಅಳತೆಯಲ್ಲಿ ತಯಾರಿಸುವ ಘಟಕಗಳು ಅಲ್ಲಿವೆ. ಇದರೊಂದಿಗೆ ಸಕ್ಕರೆ ಕಾರ್ಖಾನೆಗಳ ಪ್ರಯೋಗಾಲಯ, ಖಾಸಗಿ ಬ್ಯಾಂಕು ಮತ್ತು ಕಿರುಸಾಲ ಸಂಸ್ಥೆಗಳ ವಸೂಲಿ ವಿಭಾಗ, ಆಸ್ಪತ್ರೆಗಳ ನರ್ಸಿಂಗ್ ವಿಭಾಗ, ಬೆಳಗಾವಿಯ ಫೌಂಡ್ರಿಗಳು ಸೇರಿದರೆ, ಪದವಿ ಮುಗಿಸಿದವರ ಫೋನು ಎಂದಾದರೊಂದು ದಿನ ಕೆಲಸಕ್ಕಾಗಿ ರಿಂಗಣಿಸುವುದು ಖಚಿತ.

ಆ ದಿನಕ್ಕೆ ಸಿದ್ಧತೆ ಇಲ್ಲದಿರುವುದಕ್ಕೆ ಒಂದು ಕಡೆಗಣಿಸಿದ ಕಾರಣವಿದೆ. ಕೇಂದ್ರ ಸರ್ಕಾರವು 2016ರ ಜನವರಿ 1ರಿಂದ ಗ್ರೂಪ್ ‘ಸಿ’ ಮತ್ತು ಪತ್ರಾಂಕಿತವಲ್ಲದ ಗ್ರೂಪ್ ‘ಬಿ’ ಹುದ್ದೆಗಳ ನೇಮಕದಲ್ಲಿ ಸಂದರ್ಶನವನ್ನು ಕೈಬಿಟ್ಟಿತು. ಭ್ರಷ್ಟಾಚಾರ ತಡೆಯುವ ದೃಷ್ಟಿಯಿಂದ ಇದು ಒಳ್ಳೆಯ ಕ್ರಮವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಪೊಲೀಸ್, ರೈಲ್ವೆ, ಎಫ್‌ಡಿಎ, ಪಿಡಿಒ ಪರೀಕ್ಷೆಗಳಿಗಾಗಿ ಧಾರವಾಡದ ಕೋಚಿಂಗ್ ಕೇಂದ್ರಗಳಲ್ಲಿ ಎರಡು ಮೂರು ವರ್ಷ ಕಳೆಯುವ ಯುವಕ ಯುವತಿಯರು ನಾಲ್ಕು ಆಯ್ಕೆಗಳಲ್ಲಿ ಸರಿಯಾದ ಉತ್ತರಕ್ಕೆ ವೃತ್ತ ತುಂಬುವುದರಲ್ಲಿ ನಿಪುಣರಾಗಿ, ಬಾಯಿಬಿಟ್ಟು ಒಂದು ಉತ್ತರವನ್ನೂ ಹೇಳದೆ ಹೊರಬರುತ್ತಾರೆ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಅಳೆಯುವುದೂ ಬರಹವನ್ನೇ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸತೊಡಗಿದ್ದು 2007ರಲ್ಲಿ. ಅಂದು ಶಾಲೆಗೆ ಸೇರಿದ ಮಕ್ಕಳು ಪದವಿ ಮುಗಿಸಿ ವರ್ಷಗಳಾಗಿವೆ, ಆದರೂ ಇಂಗ್ಲಿಷಿನಲ್ಲಿ ಫೋನು ಎತ್ತಲು ಹಿಂಜರಿಯುತ್ತಾರೆ. ಕಲಿಕೆಯ ವರ್ಷಗಳು ಹೆಚ್ಚಿದರೆ ಸಾಲದು, ಕಲಿತದ್ದನ್ನು ಬಾಯಿಂದ ಬಳಸುವ ಸಂದರ್ಭಗಳು ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಫೋನಿನಲ್ಲಿ ದನಿಗೆ ಆಗುವುದೇನು

ಫೋನಿನಲ್ಲಿ ಮಾತನಾಡುವುದು ಎದುರಿಗೆ ಕುಳಿತು ಮಾತನಾಡುವುದಕ್ಕಿಂತ ಕಷ್ಟವೆನಿಸುವುದಕ್ಕೆ ಅಂಜಿಕೆ ಮಾತ್ರ ಕಾರಣವಲ್ಲ, ಯಂತ್ರವೂ ಕಾರಣ. ಮನುಷ್ಯರ ಕಿವಿ ಸುಮಾರು 20,000 ಹರ್ಟ್ಸ್‌ವರೆಗಿನ ಕಂಪನಗಳನ್ನು ಗ್ರಹಿಸಬಲ್ಲದು; ಹರ್ಟ್ಸ್ ಎಂದರೆ ಒಂದು ಸೆಕೆಂಡಿನಲ್ಲಿ ಆಗುವ ಕಂಪನಗಳ ಸಂಖ್ಯೆ. ಸಾಂಪ್ರದಾಯಿಕ ದೂರವಾಣಿ ಜಾಲವು ಇದರಲ್ಲಿ 300ರಿಂದ 3400 ಹರ್ಟ್ಸ್‌ವರೆಗಿನ ಭಾಗವನ್ನು ಮಾತ್ರ ಸಾಗಿಸುವಂತೆ ರೂಪುಗೊಂಡಿತು, ಏಕೆಂದರೆ ಮಾತಿನ ಅರ್ಥ ತಿಳಿಯಲು ಅಷ್ಟು ಸಾಕು, ಒಂದೇ ತಂತಿಯಲ್ಲಿ ಹೆಚ್ಚು ಕರೆಗಳನ್ನು ಹರಿಸಲೂ ಅದರಿಂದ ಅನುಕೂಲ. ‘ಸ’, ಇಂಗ್ಲಿಷಿನ ‘ಎಫ್’ ಮೊದಲಾದ ಊಷ್ಮ ಧ್ವನಿಗಳ ಬಹುಪಾಲು ಶಕ್ತಿ ಈ ಮಿತಿಯ ಆಚೆಗಿರುವುದರಿಂದ, ಫೋನಿನಲ್ಲಿ ‘ಎಸ್’ ಮತ್ತು ‘ಎಫ್’ ಒಂದೇ ಬಗೆಯಾಗಿ ಕೇಳಿಸುತ್ತವೆ. ಈಗಿನ ನಾಲ್ಕನೇ ತಲೆಮಾರಿನ ಜಾಲದ ಕರೆಗಳು ಸುಮಾರು 7000 ಹರ್ಟ್ಸ್‌ವರೆಗೆ ದನಿಯನ್ನು ಒಯ್ಯಬಲ್ಲವಾದರೂ, ಎರಡೂ ಬದಿಯ ಫೋನು ಮತ್ತು ಜಾಲ ಅದಕ್ಕೆ ತಕ್ಕಂತಿದ್ದು ಸಿಗ್ನಲ್ ಗಟ್ಟಿಯಾಗಿದ್ದಾಗ ಮಾತ್ರ ಅದು ಸಾಧ್ಯ; ಹಿಡಕಲ್ ಜಲಾಶಯದ ಹಿನ್ನೀರಿನ ಅಂಚಿನ ಹಳ್ಳಿಯಲ್ಲಿ ನಿಂತು ಅದನ್ನು ನೆಚ್ಚಿಕೊಳ್ಳುವುದು ಜಾಣತನವಲ್ಲ.

ಈ ತಾಂತ್ರಿಕ ಮಿತಿಯಿಂದ ನೇರವಾಗಿ ಹುಟ್ಟುವ ಒಂದು ಕೌಶಲವಿದೆ: ಹೆಸರು, ಇಮೇಲ್ ವಿಳಾಸ, ಅಂಕಿಗಳನ್ನು ಬಿಡಿಸಿ ಹೇಳುವುದು. ವಿಮಾನಯಾನ ಮತ್ತು ಸೈನ್ಯದ ರೇಡಿಯೊ ಸಂವಹನಕ್ಕಾಗಿ ‘ಆಲ್ಫಾ, ಬ್ರಾವೊ, ಚಾರ್ಲಿ’ ಎಂದು ಸಾಗುವ ಅಕ್ಷರ ಸಂಕೇತಮಾಲೆ 1956ರಲ್ಲಿ ಅಂತಿಮ ರೂಪ ಪಡೆದದ್ದು ಇದೇ ತೊಡಕನ್ನು ನಿವಾರಿಸಲು. ಅಭ್ಯರ್ಥಿ ಆ ಮಾಲೆಯನ್ನು ಬಾಯಿಪಾಠ ಮಾಡಬೇಕಾಗಿಲ್ಲ. ‘ಬಿ ಫಾರ್ ಬೆಳಗಾವಿ, ಡಿ ಫಾರ್ ಧಾರವಾಡ, ಜಿ ಫಾರ್ ಗೋಕಾಕ’ ಎಂದರೂ ಕೇಳುವವರು ತಪ್ಪಿಲ್ಲದೆ ಬರೆದುಕೊಳ್ಳುತ್ತಾರೆ. ಇಂಗ್ಲಿಷಿನ ‘ಫಿಫ್ಟೀನ್’ ಮತ್ತು ‘ಫಿಫ್ಟಿ’, ಕನ್ನಡದ ‘ಎಪ್ಪತ್ತು’ ಮತ್ತು ‘ಎಂಬತ್ತು’ ಫೋನಿನಲ್ಲಿ ಅದಲು ಬದಲಾಗುವ ಜೋಡಿಗಳಾಗಿರುವುದರಿಂದ, ಸಂಬಳ ಮತ್ತು ಅಂಕಗಳ ಮಾತು ಬಂದಾಗ ‘ಒಂದು ಐದು, ಹದಿನೈದು ಸಾವಿರ’ ಎಂದು ಅಂಕಿಗಳನ್ನು ಬಿಡಿಯಾಗಿ ಹೇಳಿ ಮತ್ತೆ ಕೂಡಿಸಿ ಹೇಳುವುದು ಒಳ್ಳೆಯದು. ಸ್ವಂತ ಇಮೇಲ್ ವಿಳಾಸವನ್ನು ತಡವರಿಸದೆ ಹೇಳಬಲ್ಲ ಅಭ್ಯರ್ಥಿಯ ಬಗ್ಗೆ, ಅವರು ಬೇರೇನೂ ಹೇಳುವ ಮೊದಲೇ, ಆ ಬದಿಯಲ್ಲಿ ಒಳ್ಳೆಯ ಅಭಿಪ್ರಾಯ ಮೂಡಿರುತ್ತದೆ.

ಎರಡನೆಯ ತೊಡಕು ಮೌನದ್ದು. ನೆದರ್ಲೆಂಡ್ಸಿನ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆಯ ಸಂಶೋಧಕರು ಮತ್ತು ಅವರ ಸಹವರ್ತಿಗಳು ಜಗತ್ತಿನ ಹತ್ತು ಭಾಷೆಗಳ ಸಂಭಾಷಣೆಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಆರಂಭವಾಗುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ಮಾತ್ರ. ಭಾಷೆಯಿಂದ ಭಾಷೆಗೆ ಇದರಲ್ಲಿ ವ್ಯತ್ಯಾಸವಿದ್ದರೂ ಬಹಳ ದೊಡ್ಡದಲ್ಲ. ಇಂಗ್ಲಿಷಿನ ಪ್ರಶ್ನೆಯನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಂದು, ಉತ್ತರವನ್ನು ಕನ್ನಡದಲ್ಲಿ ಹೊಂದಿಸಿ, ಮತ್ತೆ ಇಂಗ್ಲಿಷಿಗೆ ಒಯ್ಯುವ ಅಭ್ಯರ್ಥಿಗೆ ಎರಡು ಮೂರು ಸೆಕೆಂಡು ಬೇಕು. ಇದರ ಮೇಲೆ ಜಾಲದ ವಿಳಂಬವೂ ಸೇರುತ್ತದೆ. ಎದುರಿಗೆ ಕುಳಿತಿದ್ದರೆ ಹುಬ್ಬು, ಕಣ್ಣು, ಕೈಬೆರಳುಗಳು ‘ಯೋಚಿಸುತ್ತಿದ್ದಾರೆ’ ಎಂಬುದನ್ನು ತಿಳಿಸುತ್ತಿದ್ದವು. ಫೋನಿನಲ್ಲಿ ಅದೇ ಮೂರು ಸೆಕೆಂಡು ‘ಗೊತ್ತಿಲ್ಲ’ ಎಂದೋ ‘ಕರೆ ಕಡಿಯಿತು’ ಎಂದೋ ಕೇಳಿಸುತ್ತದೆ. ಆದ್ದರಿಂದ ಮೌನದ ಜಾಗದಲ್ಲಿ ಒಂದು ಮಾತನ್ನು ಇಡುವುದನ್ನು ಕಲಿಯಬೇಕು: ‘ಒಳ್ಳೆಯ ಪ್ರಶ್ನೆ’ ಎಂಬ ಸವಕಲು ಹೊಗಳಿಕೆಯ ಬದಲು ‘ಒಂದು ನಿಮಿಷ ಸರ್, ಯೋಚಿಸಿ ಹೇಳುತ್ತೇನೆ’ ಎನ್ನಬಹುದು, ಇಲ್ಲವೇ ಪ್ರಶ್ನೆಯ ಮುಖ್ಯ ಪದವನ್ನೇ ಎತ್ತಿಕೊಂಡು ‘ಅಪ್ರೆಂಟಿಸ್‌ಶಿಪ್ ಬಗ್ಗೆ ಕೇಳಿದಿರಲ್ಲವೇ ಮೇಡಂ’ ಎಂದು ಖಚಿತಪಡಿಸಿಕೊಳ್ಳಬಹುದು. ಎರಡನೆಯದು ಸಮಯವನ್ನೂ ಕೊಡುತ್ತದೆ, ತಪ್ಪು ಪ್ರಶ್ನೆಗೆ ಉತ್ತರಿಸುವ ಅಪಾಯವನ್ನೂ ತಪ್ಪಿಸುತ್ತದೆ. ಕೇಳುವಾಗಲೂ ಅಷ್ಟೆ: ತಲೆಯಾಡಿಸಿದ್ದು ಫೋನಿಗೆ ಕಾಣುವುದಿಲ್ಲ, ನಡುನಡುವೆ ‘ಹೌದು ಸರ್’, ‘ತಿಳಿಯಿತು’ ಎಂಬ ಕಿರುಮಾತು ಬೇಕು.

ಆಡುಮಾತಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ

ಬೆಂಗಳೂರಿನ ಫೋನು ಬಂದಾಗ ತನ್ನ ಊರಿನ ಕನ್ನಡವನ್ನು ಬಚ್ಚಿಡಬೇಕೆಂದು ಈ ಭಾಗದ ಅನೇಕ ಅಭ್ಯರ್ಥಿಗಳು ಭಾವಿಸುತ್ತಾರೆ. ಬಚ್ಚಿಡುವ ಪ್ರಯತ್ನದಲ್ಲಿ ಅರ್ಧ ಪುಸ್ತಕದ ಭಾಷೆ, ಅರ್ಧ ಸಿನಿಮಾದ ಭಾಷೆಯಾಗಿ ಮಾತು ಕೃತಕವಾಗುತ್ತದೆ. ಈ ಸಂಕೋಚಕ್ಕೆ ಚರಿತ್ರೆಯ ಆಧಾರವಿಲ್ಲ. 2010ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದ ಚಂದ್ರಶೇಖರ ಕಂಬಾರರು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯವರು. ಈ ಸೀಮೆಯ ಆಡುನುಡಿಯನ್ನೇ ನಾಟಕ ಮತ್ತು ಕಾವ್ಯದ ಭಾಷೆಯಾಗಿ ಕಟ್ಟಿದವರು, ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದವರು. ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಜನಿಸಿ ‘ಆನಂದಕಂದ’ ಎಂಬ ಕಾವ್ಯನಾಮದಿಂದ ಬರೆದ ಬೆಟಗೇರಿ ಕೃಷ್ಣಶರ್ಮರು ಅದಕ್ಕೂ ಮೊದಲೇ ಹಳ್ಳಿಯ ಮಾತಿಗೆ ಕವಿತೆಯಲ್ಲಿ ಜಾಗ ಕೊಟ್ಟಿದ್ದರು. ಶ್ರೀಕೃಷ್ಣ ಪಾರಿಜಾತ ಬಯಲಾಟದ ವಿಷಯದಲ್ಲಂತೂ ಈ ನೆಲದ ಹಕ್ಕು ಇನ್ನೂ ದೊಡ್ಡದು. ಆ ಆಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನ ಕುಲಗೋಡವೂ, ಆ ರಂಗದಲ್ಲಿ ಹೆಸರಾದ ಕೌಜಲಗಿ ನಿಂಗಮ್ಮನ ಕೌಜಲಗಿಯೂ ಹಿಂದಿನ ಗೋಕಾಕ ತಾಲ್ಲೂಕಿನ ಊರುಗಳು. ಕಥೆ ಎಲ್ಲರಿಗೂ ಗೊತ್ತಿರುವ ಆಟದಲ್ಲಿ ಪ್ರೇಕ್ಷಕರು ಬೆಳಗಿನವರೆಗೆ ಕೂರುವುದು ಪಾತ್ರಧಾರಿ ಸ್ಥಳದಲ್ಲಿಯೇ ಬೆಳೆಸುವ ಮಾತಿನ ಚಮತ್ಕಾರಕ್ಕಾಗಿ. ಇಂಥ ಊರುಗಳ ಮಕ್ಕಳಿಗೆ ‘ಮಾತು ಬರುವುದಿಲ್ಲ’ ಎನ್ನುವುದು ಅವಿವೇಕ.

ಆದರೆ ಇದನ್ನು ಪ್ರಶಂಸೆಯಾಗಿ ಹೇಳಿ ನಿಲ್ಲಿಸಿದರೆ ಅಭ್ಯರ್ಥಿಗೆ ಏನೂ ಉಪಯೋಗವಿಲ್ಲ. ಆಡುನುಡಿಯ ಎರಡು ಗುಣಗಳು ಫೋನಿನಲ್ಲಿ ನಿಜವಾಗಿಯೂ ತೊಡಕು ಮಾಡುತ್ತವೆ. ಒಂದು ವೇಗ: ಪದದ ಕೊನೆಯ ಸ್ವರಗಳು ಬಿದ್ದುಹೋಗಿ ಎರಡು ಮೂರು ಪದಗಳು ಕೂಡಿಕೊಳ್ಳುವುದರಿಂದ ಹೊರಗಿನವರ ಕಿವಿಗೆ ವಾಕ್ಯ ತುಂಡಾಗಿ ಮುಟ್ಟುತ್ತದೆ. ಇನ್ನೊಂದು ಎತ್ತರದ ದನಿ: ಹೊಲದಿಂದ ಹೊಲಕ್ಕೆ ಕೂಗಿ ಮಾತನಾಡಿದ ರೂಢಿಯವರು ಫೋನಿನ ಬಾಯಿಗೆ ಕೂಗಿದರೆ ಮೈಕು ದನಿಯನ್ನು ಒಡೆಯುತ್ತದೆ, ಕೇಳುವವರಿಗೆ ಅದು ಸಿಟ್ಟಿನಂತೆ ಕೇಳಿಸುತ್ತದೆ. ಈ ಎರಡಕ್ಕೂ ಪರಿಹಾರ ಸುಲಭ: ವಾಕ್ಯದ ಕೊನೆಯ ಕ್ರಿಯಾಪದವನ್ನು ಪೂರ್ತಿ ಉಚ್ಚರಿಸುವುದು, ಮತ್ತು ಫೋನನ್ನು ಬಾಯಿಯಿಂದ ನಾಲ್ಕು ಬೆರಳು ದೂರ ಹಿಡಿದು ಎದುರು ಕುಳಿತವರಿಗೆ ಹೇಳುವಷ್ಟೇ ದನಿಯಲ್ಲಿ ಹೇಳುವುದು. ‘ಹೌದ್ರಿ’, ‘ಆತ್ರಿ’ ಎಂಬ ಮರ್ಯಾದೆಯ ರೂಪಗಳನ್ನು ತೆಗೆದುಹಾಕುವ ಅಗತ್ಯವೇನೂ ಇಲ್ಲ.

ಭಾಷೆಯ ಆಯ್ಕೆಯೂ ಅಷ್ಟೇ ಮುಖ್ಯ. ಗಡಿಭಾಗದ ಈ ತಾಲ್ಲೂಕುಗಳಲ್ಲಿ ಕನ್ನಡದೊಂದಿಗೆ ಮರಾಠಿ ಮತ್ತು ಹಿಂದಿಯನ್ನು ವ್ಯವಹಾರಕ್ಕೆ ಬೇಕಾಗುವಷ್ಟು ಬಲ್ಲವರು ಅಪರೂಪವಲ್ಲ. ಪುಣೆ ಅಥವಾ ಕೊಲ್ಹಾಪುರದ ಉದ್ಯೋಗದಾತರ ದೃಷ್ಟಿಯಲ್ಲಿ ಇದು ದೊಡ್ಡ ಅರ್ಹತೆ, ಆದರೆ ಬಯೊಡೇಟಾದಲ್ಲಿ ಕೊನೆಯ ಸಾಲಾಗಿ ಕುಗ್ಗಿ ಕೂತಿರುತ್ತದೆ. ಪ್ರಶ್ನೆ ಯಾವ ಭಾಷೆಯಲ್ಲಿ ಬಂದಿತೋ ಅದೇ ಭಾಷೆಯಲ್ಲಿ ಉತ್ತರ ಆರಂಭಿಸುವುದು ಸೌಜನ್ಯ. ನಡುವೆ ತಡವರಿಸಿದರೆ ‘ಈ ಭಾಗವನ್ನು ಕನ್ನಡದಲ್ಲಿ ವಿವರಿಸಬಹುದೇ’ ಎಂದು ಅನುಮತಿ ಕೇಳುವುದು ದೌರ್ಬಲ್ಯವಲ್ಲ. ಯಂತ್ರದ ಕೆಲಸ ಕಲಿತವರ ಪದಗಳಂತೂ ಹೇಗೂ ಇಂಗ್ಲಿಷಿನವೇ: ಡ್ರಾಯಿಂಗ್, ಟಾಲರೆನ್ಸ್, ಮೈಕ್ರೋಮೀಟರ್, ಶಿಫ್ಟ್, ರಿಜೆಕ್ಷನ್. ಅವುಗಳ ನಡುವೆ ಹಾಕಬೇಕಾದ ಸರಳ ಕ್ರಿಯಾಪದಗಳು ಬೆರಳೆಣಿಕೆಯಷ್ಟು. ತನ್ನ ಓದು, ತಾನು ಬಳಸಿದ ಯಂತ್ರ, ತಾನು ಮಾಡಿದ ಕೆಲಸದ ಬಗ್ಗೆ ಹದಿನೈದು ಚಿಕ್ಕ ಇಂಗ್ಲಿಷ್ ವಾಕ್ಯಗಳನ್ನು ಸಿದ್ಧಪಡಿಸಿಕೊಂಡ ಐಟಿಐ ಅಭ್ಯರ್ಥಿಗೆ ಮೊದಲ ಸುತ್ತಿನ ಬಹುತೇಕ ಪ್ರಶ್ನೆಗಳು ಎಟುಕುತ್ತವೆ. ವ್ಯಾಕರಣದ ದೋಷ ಒಂದೆರಡು ಉಳಿದರೆ ಸಿಎನ್‌ಸಿ ಯಂತ್ರದ ಮೇಲುಸ್ತುವಾರಿ ನೋಡುವವರಿಗೆ ಅದರಿಂದ ಆಗುವ ನಷ್ಟವೇನೂ ಇಲ್ಲ.

ಆತ್ಮವಿಶ್ವಾಸ ಎಲ್ಲಿಂದ ಬರುತ್ತದೆ

ಕಾಲೇಜುಗಳಲ್ಲಿ ‘ವ್ಯಕ್ತಿತ್ವ ವಿಕಸನ ಶಿಬಿರ’ ಎಂಬ ಹೆಸರಿನಲ್ಲಿ ವರ್ಷಕ್ಕೊಮ್ಮೆ ಒಬ್ಬ ಭಾಷಣಕಾರರನ್ನು ಕರೆಸಿ, ‘ನಿಮ್ಮಿಂದ ಸಾಧ್ಯ’ ಎಂದು ಎರಡು ಗಂಟೆ ಹೇಳಿಸಿ, ಶಾಲು ಹೊದಿಸಿ ಕಳಿಸುವ ಪದ್ಧತಿ ವ್ಯಾಪಕವಾಗಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡುರಾ 1977ರಲ್ಲಿ ಮಂಡಿಸಿದ ಸಿದ್ಧಾಂತವನ್ನು ಒಪ್ಪುವುದಾದರೆ ಇದು ಬಹುಮಟ್ಟಿಗೆ ವ್ಯರ್ಥ. ಒಂದು ನಿರ್ದಿಷ್ಟ ಕೆಲಸವನ್ನು ತಾನು ಮಾಡಬಲ್ಲೆನೆಂಬ ನಂಬಿಕೆಯನ್ನು, ಅಂದರೆ ಸ್ವಸಾಮರ್ಥ್ಯದ ನಂಬಿಕೆಯನ್ನು, ಬಂಡುರಾ ಒಟ್ಟಾರೆ ಧೈರ್ಯ ಅಥವಾ ಹೆಮ್ಮೆಯಿಂದ ಬೇರ್ಪಡಿಸಿ ಅದಕ್ಕೆ ನಾಲ್ಕು ಮೂಲಗಳನ್ನು ಗುರುತಿಸಿದರು: ಆ ಕೆಲಸವನ್ನು ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರೇ ಅದನ್ನು ಮಾಡುವುದನ್ನು ಕಂಡ ಅನುಭವ, ಇತರರ ಪ್ರೋತ್ಸಾಹದ ಮಾತು, ಮತ್ತು ದೇಹದ ಸ್ಥಿತಿಯನ್ನು ತಾನು ಅರ್ಥೈಸಿಕೊಳ್ಳುವ ಬಗೆ. ಇವುಗಳಲ್ಲಿ ಮೊದಲನೆಯದು ಎಲ್ಲಕ್ಕಿಂತ ಪ್ರಬಲ. ಬರಿಯ ಪ್ರೋತ್ಸಾಹದ ಮಾತು ಹುಟ್ಟಿಸುವ ನಂಬಿಕೆ ಮೊದಲ ಸೋಲಿಗೇ ಕರಗುತ್ತದೆ. ನಮ್ಮ ಶಿಬಿರಗಳು ನಡೆಯುವುದು ಈ ದುರ್ಬಲ ಮೂಲವನ್ನು ನೆಚ್ಚಿಕೊಂಡು.

ಮೊದಲ ಮೂಲವನ್ನು ಕಟ್ಟಲು ಬೇಕಾದದ್ದು ಎರಡು ಫೋನು, ಎರಡು ಕೋಣೆ ಮತ್ತು ಒಬ್ಬ ಗೆಳೆಯ ಅಥವಾ ಗೆಳತಿ. ಒಬ್ಬರು ಪಕ್ಕದ ಕೋಣೆಯಿಂದ ಕರೆ ಮಾಡಿ ಎಚ್‌ಆರ್ ಆಗಿ ಪ್ರಶ್ನೆ ಕೇಳುವುದು, ಇನ್ನೊಬ್ಬರು ಉತ್ತರಿಸುವುದು, ಕರೆಯನ್ನು ಇಬ್ಬರ ಒಪ್ಪಿಗೆಯಿಂದ ಧ್ವನಿಮುದ್ರಿಸಿ ಆಮೇಲೆ ಒಟ್ಟಿಗೆ ಕೇಳುವುದು, ಬಳಿಕ ಪಾತ್ರ ಬದಲಿಸುವುದು. ಎಚ್‌ಆರ್ ಪಾತ್ರ ವಹಿಸಿದವರಿಗೆ ಆಗುವ ಲಾಭವೇ ಹೆಚ್ಚೆಂದು ತೋರುತ್ತದೆ, ಏಕೆಂದರೆ ಉತ್ತರ ಎಷ್ಟು ಉದ್ದವಾದರೆ ಬೇಸರ ಬರುತ್ತದೆ, ಎಷ್ಟು ಚಿಕ್ಕದಾದರೆ ಏನೂ ತಿಳಿಯುವುದಿಲ್ಲ ಎಂಬುದು ಆ ಬದಿಯಲ್ಲಿ ಕುಳಿತಾಗಲೇ ಅರಿವಾಗುವುದು. ಸ್ವಂತ ದನಿಯನ್ನು ಮೊದಲ ಸಲ ಧ್ವನಿಮುದ್ರಣದಲ್ಲಿ ಕೇಳಿದಾಗ ಬಹುತೇಕ ಎಲ್ಲರಿಗೂ ಅಸಹ್ಯವೆನಿಸುತ್ತದೆ. ತಲೆಬುರುಡೆಯ ಮೂಳೆಯ ಮೂಲಕ ಒಳಗಿನಿಂದ ಕೇಳುತ್ತಿದ್ದ ಗಡಸು ದನಿ ಗಾಳಿಯ ಮೂಲಕ ಬಂದಾಗ ತೆಳ್ಳಗಾಗುವುದೇ ಅದಕ್ಕೆ ಕಾರಣ, ದನಿಯಲ್ಲಿ ದೋಷವೇನೂ ಇರುವುದಿಲ್ಲ.

ಅಭ್ಯಾಸದಲ್ಲಿ ಹೆಚ್ಚು ಸಮಯ ಬೇಡುವುದು ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆ. ತಂದೆಯ ಹೆಸರು, ತಾಯಿಯ ಹೆಸರು, ಊರು, ಹವ್ಯಾಸ ಎಂದು ಶಾಲೆಯ ಪರಿಚಯ ಪದ್ಯದಂತೆ ಒಪ್ಪಿಸುವ ಉತ್ತರವನ್ನು ಎಚ್‌ಆರ್ ದಿನಕ್ಕೆ ಹಲವು ಸಲ ಕೇಳಿರುತ್ತಾರೆ. ಅವರು ಕೇಳಬಯಸುವುದು ಬೇರೆ: ಏನು ಓದಿದ್ದೀರಿ, ಅದರಲ್ಲಿ ಕೈಯಾರೆ ಏನು ಮಾಡಿದ್ದೀರಿ, ಈ ಹುದ್ದೆಗೂ ಅದಕ್ಕೂ ಏನು ಸಂಬಂಧ, ಯಾವಾಗ ಬಂದು ಸೇರಬಲ್ಲಿರಿ. ‘ಟರ್ನಿಂಗ್ ಗೊತ್ತೇ’ ಎಂಬ ಪ್ರಶ್ನೆಗೆ ‘ಗೊತ್ತು ಸರ್’ ಎಂದು ನಿಲ್ಲುವ ಅಭ್ಯರ್ಥಿಗೂ, ‘ಗೊತ್ತು ಸರ್, ಐಟಿಐಯಲ್ಲಿ ಲೇತ್ ಮೇಲೆ ಶಾಫ್ಟ್ ತಿರುವಿದ್ದೇನೆ, ಮೊದಲು ಅಳತೆ ತಪ್ಪುತ್ತಿತ್ತು, ಪ್ರತಿ ಕಟ್ಟಿನ ನಂತರ ಮೈಕ್ರೋಮೀಟರ್ ಹಿಡಿದು ನೋಡುವ ರೂಢಿ ಮಾಡಿಕೊಂಡ ಮೇಲೆ ತಪ್ಪುವುದು ನಿಂತಿತು’ ಎನ್ನುವ ಅಭ್ಯರ್ಥಿಗೂ ತಿಳಿವಳಿಕೆಯಲ್ಲಿ ಹೆಚ್ಚಿನ ಅಂತರ ಇರಲಾರದು, ಆದರೆ ಎರಡನೆಯವರನ್ನು ಮಾತ್ರ ಕಾರ್ಖಾನೆಗೆ ಕರೆಯುತ್ತಾರೆ. ಸಂದರ್ಭ, ತನ್ನ ಪಾಲಿನ ಕೆಲಸ, ಮಾಡಿದ ಕ್ರಮ, ಬಂದ ಫಲ ಎಂಬ ಅನುಕ್ರಮದಲ್ಲಿ ಹೇಳಿದ ಉತ್ತರಕ್ಕೆ ಮೂವತ್ತು ಸೆಕೆಂಡು ಸಾಕು. ಕಾರ್ಖಾನೆಯ ಅನುಭವ ಇಲ್ಲದವರಿಗೂ ಹೇಳಲು ಇಂಥ ಪ್ರಸಂಗಗಳಿರುತ್ತವೆ: ಹಾಲಿನ ಡೇರಿಯಲ್ಲಿ ಲೆಕ್ಕ ಬರೆದದ್ದು, ಕಬ್ಬು ಕಟಾವಿನ ಹಂಗಾಮಿನಲ್ಲಿ ಗಾಡಿಗಳ ಪಾಳಿ ನೋಡಿಕೊಂಡದ್ದು, ಮೂಡಲಗಿಯ ದನದ ಸಂತೆಯಲ್ಲಿ ತಂದೆಯೊಂದಿಗೆ ನಿಂತು ವ್ಯಾಪಾರ ಕುದುರಿಸಿದ್ದು. ಇವನ್ನು ‘ಮನೆಯ ಕೆಲಸ’ ಎಂದು ಮರೆಮಾಡುವುದು ಈ ಭಾಗದ ಅಭ್ಯರ್ಥಿಗಳು ತಮಗೆ ತಾವೇ ಮಾಡಿಕೊಳ್ಳುವ ಅನ್ಯಾಯ.

ದನಿಯೊಂದೇ ಇದ್ದಾಗ ಅಭ್ಯರ್ಥಿಗೆ ನಷ್ಟವೇ ಆಗಬೇಕೆಂದಿಲ್ಲ. ಶಿಕಾಗೊ ವಿಶ್ವವಿದ್ಯಾಲಯದ ಜೂಲಿಯಾನಾ ಶ್ರೋಡರ್ ಮತ್ತು ನಿಕೊಲಾಸ್ ಎಪ್ಲಿ 2015ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಎಂಬಿಎ ವಿದ್ಯಾರ್ಥಿಗಳು ತಮ್ಮನ್ನು ಏಕೆ ನೇಮಿಸಿಕೊಳ್ಳಬೇಕೆಂದು ವಿವರಿಸಿದ ಮಾತುಗಳನ್ನು ಕೆಲವರಿಗೆ ಬರಹದಲ್ಲಿ, ಕೆಲವರಿಗೆ ದನಿಯಲ್ಲಿ, ಕೆಲವರಿಗೆ ದೃಶ್ಯದಲ್ಲಿ ಕೊಡಲಾಯಿತು. ದನಿ ಕೇಳಿದವರು ಅಭ್ಯರ್ಥಿಗಳನ್ನು ಬರಹ ಓದಿದವರಿಗಿಂತ ಹೆಚ್ಚು ಬುದ್ಧಿವಂತರೆಂದೂ ಕೆಲಸಕ್ಕೆ ಯೋಗ್ಯರೆಂದೂ ಎಣಿಸಿದರು. ದನಿಯ ಜೊತೆಗೆ ಮುಖವನ್ನೂ ತೋರಿಸಿದ್ದರಿಂದ ಈ ಎಣಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಏರಿಳಿತ, ಒತ್ತು, ವೇಗದ ಬದಲಾವಣೆಗಳು ಒಳಗೆ ನಡೆಯುತ್ತಿರುವ ಆಲೋಚನೆಯ ಕುರುಹಾಗಿ ಕೇಳಿಸುವುದೇ ಇದಕ್ಕೆ ಕಾರಣವೆಂದು ಅವರು ವಿವರಿಸಿದರು. ಬರೆದಿಟ್ಟುಕೊಂಡ ಉತ್ತರವನ್ನು ಫೋನಿನಲ್ಲಿ ಓದುವವರು ಈ ಲಾಭವನ್ನೇ ಕಳೆದುಕೊಳ್ಳುತ್ತಾರೆ. ಎದುರಿಗಿರುವ ಹಾಳೆಯಲ್ಲಿ ಅಂಕಿ, ದಿನಾಂಕ, ಸಂಸ್ಥೆಯ ಹೆಸರು, ಕೇಳಬೇಕಾದ ಒಂದೆರಡು ಪ್ರಶ್ನೆಗಳಷ್ಟೇ ಇರಲಿ. ಪೂರ್ಣ ವಾಕ್ಯ ಬೇಡ.

ಮನೆ, ಗದ್ದಲ, ಮೋಸದ ಕರೆ

ಕರೆ ಬರುವ ಸಮಯ ಅಭ್ಯರ್ಥಿಯ ಕೈಯಲ್ಲಿಲ್ಲ. ಬೈಕಿನ ಮೇಲಿರುವಾಗ, ಬಸ್ಸಿನಲ್ಲಿರುವಾಗ, ಗಿರಣಿಯ ಮುಂದೆ ನಿಂತಿರುವಾಗ ಬಂದ ಕರೆಗೆ ಅಲ್ಲಿಂದಲೇ ಉತ್ತರಿಸಲು ಹೋಗುವುದು ಸಾಮಾನ್ಯ ತಪ್ಪು. ‘ಈಗ ಗದ್ದಲದಲ್ಲಿದ್ದೇನೆ, ಅರ್ಧ ಗಂಟೆಯ ನಂತರ ನಾನೇ ಕರೆ ಮಾಡಲೇ’ ಎಂದು ಕೇಳಿದ್ದಕ್ಕೆ ಯಾವ ಸಂಸ್ಥೆಯೂ ಅಭ್ಯರ್ಥಿಯನ್ನು ಕೈಬಿಡುವುದಿಲ್ಲ, ಕೈಬಿಟ್ಟರೆ ಆ ಸಂಸ್ಥೆಯನ್ನು ಅಭ್ಯರ್ಥಿಯೇ ಕೈಬಿಡುವುದು ಲೇಸು. ಹೆಣ್ಣುಮಕ್ಕಳ ಸ್ಥಿತಿ ಇನ್ನಷ್ಟು ಜಟಿಲ. ಅರ್ಜಿಯಲ್ಲಿ ತಂದೆಯ ಅಥವಾ ಅಣ್ಣನ ನಂಬರು ಕೊಟ್ಟಿರುವುದು, ಕರೆ ಬಂದಾಗ ಮನೆಯವರು ‘ಯಾರು, ಎಲ್ಲಿಂದ, ಯಾಕೆ’ ಎಂದು ಮೊದಲು ತಾವೇ ವಿಚಾರಣೆ ನಡೆಸುವುದು, ಮಾತನಾಡುವಾಗ ಸುತ್ತ ನಾಲ್ವರು ಕುಳಿತು ಕೇಳುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಕಾಳಜಿ ಅರ್ಥವಾಗುವಂಥದ್ದೇ, ಆದರೆ ಅದರ ಬೆಲೆಯನ್ನು ತೆರುವವಳು ಮಗಳು. ಬಾಗಿಲು ಹಾಕಿಕೊಂಡು ಇಪ್ಪತ್ತು ನಿಮಿಷ ಮಾತನಾಡುವ ಹಕ್ಕನ್ನು ಮನೆ ಅವಳಿಗೆ ಕೊಡಬೇಕು.

ಪಾಲಕರ ಅನುಮಾನಕ್ಕೆ ಆಧಾರವೂ ಇದೆ, ಏಕೆಂದರೆ ಕೆಲಸ ಕೊಡುವ ನೆಪದ ವಂಚನೆಯ ಕರೆಗಳು ಹೆಚ್ಚಿವೆ. ನೋಂದಣಿ ಶುಲ್ಕ, ಸಮವಸ್ತ್ರದ ಹಣ, ಲ್ಯಾಪ್‌ಟಾಪ್ ಠೇವಣಿ ಕೇಳುವ, ಒಟಿಪಿ ಕೇಳುವ, ಐದು ನಿಮಿಷದ ಮಾತಿಗೇ ನೇಮಕಾತಿ ಪತ್ರ ಕಳಿಸುವ ಕರೆ ಸಂದರ್ಶನವಲ್ಲ. ಕರೆ ಮಾಡಿದವರ ಹೆಸರು, ಹುದ್ದೆ ಮತ್ತು ಸಂಸ್ಥೆಯ ಅಧಿಕೃತ ಇಮೇಲ್ ಕೇಳಿ ಬರೆದುಕೊಳ್ಳುವುದು ಅಭ್ಯರ್ಥಿಯ ಹಕ್ಕು. ಹಣ ಕಳೆದುಕೊಂಡವರು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಬೇಕು.

ಇನ್ನು ಸಂಸ್ಥೆಗಳ ಹೊಣೆ. ಈ ಮೂರು ತಾಲ್ಲೂಕುಗಳು ಸ್ವಂತ ಬಲದಿಂದ ಸಂಸ್ಥೆ ಕಟ್ಟುವುದನ್ನು ಅರಿಯದ ನಾಡಲ್ಲ. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹಳ್ಳಿಗಳಿಗೆ ತಾನೇ ಬೆಳಕು ಹಂಚಿದ ಸಂಸ್ಥೆ, ಕರ್ನಾಟಕದಲ್ಲಿ ಅಂಥದ್ದು ಇನ್ನೊಂದಿಲ್ಲ. ಅದಕ್ಕೆ ಹೋಲಿಸಿದರೆ ಫೋನ್ ಸಂದರ್ಶನಕ್ಕೆ ಬೇಕಾದ ಏರ್ಪಾಟು ಬಹಳ ಚಿಕ್ಕದು. ಯುವನಿಧಿ ಯೋಜನೆಯಡಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುವ ಸರ್ಕಾರ, ಆ ಎರಡು ವರ್ಷಗಳಲ್ಲಿ ಅವರು ಎಲ್ಲಿ ಕುಳಿತು ಯಾರೊಂದಿಗೆ ಮಾತಿನ ಅಭ್ಯಾಸ ಮಾಡಬೇಕು ಎಂಬುದನ್ನೂ ಯೋಚಿಸಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ; ಅಲ್ಲಿ ಒಂದು ಮೂಲೆಗೆ ಬಾಗಿಲು ಹಾಕಿ, ಒಂದು ಮೇಜು, ಒಂದು ಚಾರ್ಜರ್ ಇಟ್ಟು, ಸಂದರ್ಶನದ ಕರೆ ಇರುವವರಿಗೆ ಅರ್ಧ ಗಂಟೆ ಕೊಡುವುದು ಪಂಚಾಯಿತಿಗಳಿಗೆ ಭಾರವಲ್ಲ. 2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯ ಇಲ್ಲಿನ ಪದವಿ ಕಾಲೇಜುಗಳು ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ವಾರಕ್ಕೊಂದು ಪೀರಿಯಡ್ ಮೀಸಲಿಟ್ಟು, ಪ್ರತಿಯೊಬ್ಬರೂ ವರ್ಷ ಮುಗಿಯುವ ಮೊದಲು ಹತ್ತು ಅಣಕು ಕರೆಗಳನ್ನಾದರೂ ಎತ್ತುವಂತೆ ನೋಡಿಕೊಳ್ಳಲಿ. ಶಿಬಿರದ ಶಾಲಿನ ಖರ್ಚಿನಲ್ಲಿಯೇ ಇದು ಆಗುತ್ತದೆ.